ಅಂತೆ

ಬ್ರಿಸ್ಟಲ್‌ನ ಒಂದು ಗುಡ್ಡದ ಹೊಟ್ಟೆಯೊಳಗೆ, ನೆಲಮಾಳಿಗೆಯಲ್ಲಿ,
ಉಕ್ಕಿನ ಮೇಜೊಂದು ಗಾಳಿಯ ದಿಂಬಿನ ಮೇಲೆ ತೇಲುತ್ತದೆ:
ಮೇಲೆ ರಸ್ತೆಯಲ್ಲಿ ಬಸ್ಸು ಹೋದದ್ದು
ಕೆಳಗಿನ ಬೆಳಕಿಗೆ ತಿಳಿಯಬಾರದು.
ನನ್ನ ಕೆಲಸ ಕನ್ನಡಿ ತಿರುಗಿಸುವುದು.
ಕೂದಲೆಳೆಯಷ್ಟು ಎಂದರೆ ಬಹಳವಾಯಿತು, ಅದರಲ್ಲಿ ನೂರನೇ ಪಾಲು.
ಹನ್ನೊಂದು ವರ್ಷದಿಂದ ತಿರುಗಿಸುತ್ತಿದ್ದೇನೆ.

ಒಂದು ಫೋಟಾನ್ ಬರುತ್ತದೆ. ಒಂದೇ ಒಂದು.
ಅಡ್ಡವೋ, ನೆಟ್ಟಗೋ?
ಪೆಟ್ಟಿಗೆಯೊಳಗಿನ ಗೆಳತಿ ನೋಡಿ ಬರೆದಿಟ್ಟುಕೊಳ್ಳುತ್ತಾಳೆ.
ಗೆಳತಿಯೆಂದರೆ ಹೆಂಗಸಲ್ಲ, ಅದೂ ಇನ್ನೊಂದು ಫೋಟಾನೇ.
ಪ್ರಬಂಧದಲ್ಲಿ ‘ವೀಕ್ಷಕ’ ಎಂದು ಬರೆದು ದೊಡ್ಡದು ಮಾಡುತ್ತೇವೆ.
ನಾವಿಬ್ಬರೇ ಇದ್ದಾಗ ಮೊರ್ವೆನ್ನಾ
ಅದನ್ನು ತನ್ನ ಹೆಸರಿನಿಂದಲೇ ಕರೆಯುತ್ತಾಳೆ.

ಒಳಗಿನವಳಿಗೆ ಸಂಗತಿ ಮುಗಿದಿದೆ: ಅಡ್ಡ. ಮಸಿ ಆರಿದೆ.
ಹೊರಗೆ ನಿಂತ ನನಗೆ
ಅವಳು, ಅವಳ ಕಣ್ಣು, ಆ ಮಸಿ ಸಮೇತ
ಅಡ್ಡವೂ ನೆಟ್ಟಗೂ ಇನ್ನೂ ಹೆಣೆದುಕೊಂಡೇ ಇವೆ.
ನನ್ನ ಭ್ರಮೆಯಲ್ಲ, ಎಣಿಕೆಯಲ್ಲಿ ಸಿಗುತ್ತದೆ.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ,
ಪ್ರಮಾಣಿಸಿದೆವು. ಪ್ರತ್ಯಕ್ಷವೇ ಕೈಜಾರಿತು.

ಇದನ್ನು ಇಂಗ್ಲಿಷಿನಲ್ಲಿ ಹೇಳಲು ಮೂರು ಪುಟ ಹಿಡಿಯಿತು.
ನನ್ನ ಭಾಷೆಯಲ್ಲಿ ಕ್ರಿಯಾಪದಕ್ಕೊಂದು ಬಾಲ ಸಾಕಿತ್ತು.
ಬಂತು: ನಾನು ಕಂಡೆ.
ಬಂತಂತೆ: ಯಾರೋ ಕಂಡರು, ಆಣೆ ಇಡಲು ನನ್ನನ್ನು ಕರೆಯಬೇಡಿ.
ನಮ್ಮ ಕೇರಿಯಲ್ಲಿ ಮುರಿದ ನಿಶ್ಚಿತಾರ್ಥಗಳೆಲ್ಲ
ಆ ಬಾಲ ದಾರಿಯಲ್ಲಿ ಉದುರಿಹೋದದ್ದರಿಂದಲೇ.

ಯುಗಾದಿ ಕೂಟದಲ್ಲಿ ಒಬ್ಬರು, ಕೈಯಲ್ಲಿ ಒಬ್ಬಟ್ಟಿನ ತಟ್ಟೆ,
‘ನಮ್ಮವರು ಎಂದೋ ಹೇಳಿಯಾಯ್ತಲ್ಲ, ಹಗ್ಗ, ಹಾವು’ ಎಂದರು.
ಇಲ್ಲ ಸ್ವಾಮಿ.
ಅಲ್ಲಿ ದೀಪ ತಂದರೆ ಹಗ್ಗವೆಂದು ತೀರ್ಮಾನ.
ಇಲ್ಲಿ ದೀಪ ತಂದವನು ಯಾರ ಕಡೆಯವನು
ಎಂಬುದೇ ತಕರಾರು.
ಅವರು ತುಪ್ಪ ಹಾಕಿಸಿಕೊಳ್ಳಲು ಹೋದರು.

ದೂರದ್ದು ದೂರದ್ದನ್ನು ಆ ಕ್ಷಣವೇ ಮುಟ್ಟದು.
ಯಾವ ಕನ್ನಡಿ ತಿರುಗಿಸಲಿ ಎಂಬುದು ನನ್ನ ಇಷ್ಟ.
ಆದದ್ದು ಆಯಿತು, ಎಲ್ಲರಿಗೂ ಆಯಿತು.
ಈ ಮೂರರಲ್ಲಿ ಒಂದಾದರೂ ಸುಳ್ಳು.
ಯಾವುದೆಂದು ಲೆಕ್ಕ ಬಾಯಿಬಿಡುವುದಿಲ್ಲ.
ಮೊರ್ವೆನ್ನಾ ಮೂರನೆಯದನ್ನು ಬಿಡಲು ಸಿದ್ಧ.
ನನಗೆ ಎರಡನೆಯದರ ಮೇಲೆ ಗುಮಾನಿ,
ಅದೂ ಬೆಳಗಿನ ಹೊತ್ತು ಮಾತ್ರ.

ಸಂಜೆ ಕಾರ್ನ್ ಸ್ಟ್ರೀಟಿನಲ್ಲಿ ನಿಂತು ಮೇಲೆ ನೋಡಿದೆವು.
ಹಳೆಯ ಗಡಿಯಾರ, ನಿಮಿಷಕ್ಕೆ ಎರಡು ಮುಳ್ಳು:
ಒಂದು ಲಂಡನ್ನಿನದು, ಇನ್ನೊಂದು ಈ ಊರಿನದು, ಹತ್ತು ನಿಮಿಷ ಹಿಂದೆ.
ರೈಲು ಬಂದ ಮೇಲೆ ಊರು ಸೋತಿತು,
ಮುಳ್ಳನ್ನು ಮಾತ್ರ ಕೀಳಲಿಲ್ಲ.
‘ಇದು ಸುಲಭ,’ ಎಂದಳು,
‘ಸೂರ್ಯ ಒಬ್ಬನೇ, ಲೆಕ್ಕ ಎರಡು. ಕೂಡಿ ಕಳೆದರೆ ಹೊಂದುತ್ತದೆ.
ನಮ್ಮದರಲ್ಲಿ ಆ ಸೂರ್ಯನೇ ಸಿಗುತ್ತಿಲ್ಲ.’

ಗಡಿಯಾರದ ಕೆಳಗೆ ಸೊಂಟದೆತ್ತರದ ಕಂಚಿನ ಮೇಜುಗಳು.
ವ್ಯಾಪಾರಿಗಳು ನಾಲ್ವರ ಎದುರು ಇದರ ಮೇಲೆ ದುಡ್ಡು ಎಣಿಸುತ್ತಿದ್ದರಂತೆ,
ನಾಣ್ಯ ಉರುಳದಿರಲೆಂದು ಸುತ್ತ ಅಂಚು.
ಕೊಟ್ಟದ್ದು ಕೊಟ್ಟೆ ಎನ್ನಲು
ಮನುಷ್ಯರಿಗೆ ಇಷ್ಟೊಂದು ಲೋಹ ಬೇಕಾಯಿತು.
ನಾನೊಂದು ಐದು ಪೆನ್ನಿ ಬೀಳಿಸಿದೆ. ಠಣ್.
ತನಗೂ ಕೇಳಿಸಿತು ಎಂದಳು.
ಕೇಳಿಸಿತಂತೆ.

ಬಸ್ ನಿಲ್ದಾಣದ ಫಲಕದಲ್ಲಿ ‘ನಾಲ್ಕು ನಿಮಿಷ’.
ಕಾಲು ಗಂಟೆಯಿಂದ ಅದೇ ನಾಲ್ಕು.
ಮೊರ್ವೆನ್ನಾ ಮಫ್ಲರಿನೊಳಗಿಂದ, ತಕಾರ ತಪ್ಪಿದರೂ ಜಾಗ ತಪ್ಪದೆ,
‘ಬರುತ್ತದೆ,’ ಎಂದು ನನ್ನತ್ತ ನೋಡಿ, ‘ಅಂಟೆ’ ಎಂದಳು.
ನಕ್ಕೆವು. ನೀರವಗಳ ನಡುವೆ ತುಂತುರು ಶುರುವಾಯಿತು.
ಅವಳ ಕನ್ನಡಕದ ಮೇಲೆ ಎರಡು ಹನಿ, ನನ್ನದರ ಮೇಲೆ ಇನ್ನೂ ಇಲ್ಲ.
ಕಾಯದೆ ನಡೆದೇ ಹೊರಟೆವು.